ಹಿಂದಿನ ಚಕ್ರಕ್ಕೂ ಎಬಿಎಸ್ ಇದೆಯಾ?

ಎಂಟು ವರ್ಷ ಮಣ್ಣಲ್ಲೇ ಬೈಕ್ ಓಡಿಸಿದ ಹುಡುಗನೊಬ್ಬ ಮೂಡಿಗೆರೆ ಕಡೆಯಿಂದ ನನ್ನ ಹತ್ತಿರ ತರಬೇತಿಗೆ ಬಂದಿದ್ದ. ಕಾಫಿ ತೋಟದ ಏರು, ಕೆಸರು, ಕಲ್ಲು ಎಲ್ಲಾ ಅವನಿಗೆ ನೀರು ಕುಡಿದಷ್ಟು ಸಲೀಸು. ಬೆಂಗಳೂರಲ್ಲಿ ಕೆಲಸ ಸಿಕ್ಕಿತ್ತು, ರಸ್ತೆಗೆ ಅಂತ ಮೊದಲ ಬೈಕ್ ಕೊಳ್ಳಬೇಕಿತ್ತು.

ಖಾಲಿ ಡಾಂಬರಿನ ಮೇಲೆ 40 ಕಿ.ಮೀ. ವೇಗದಲ್ಲಿ ಬಂದು ನಿಲ್ಲಿಸು ಅಂದೆ. ಬಲಗಾಲು ಧಪ್ ಅಂತ ಪೆಡಲ್ ಮೇಲೆ ಬಿತ್ತು. ಹಿಂದಿನ ಚಕ್ರ ಲಾಕ್ ಆಗಿ, ಗಾಡಿ ಹಿಂಭಾಗ ಓಲಾಡಿಸುತ್ತಾ ನಿಂತಿತು. ನೆಲದ ಮೇಲೆ ಇದ್ದಿಲಲ್ಲಿ ಗೀರಿದ ಹಾಗೆ ಕಪ್ಪು ಗೆರೆ, ಕೊನೆಗೆ ಬಲಕ್ಕೆ ಬಾಗಿತ್ತು. "ಏನಾಗಿಲ್ಲ ಸರ್, ಕಂಟ್ರೋಲಲ್ಲೇ ಇತ್ತು" ಅಂದ.

ನನಗೆ ಭಯ ಆಗಿದ್ದೇ ಆ ಮಾತಿಗೆ. ಚಕ್ರ ಜಾರಿದರೆ ಹೊಸಬರು ಬೆಚ್ಚುತ್ತಾರೆ. ಮಣ್ಣಲ್ಲಿ ಪಳಗಿದವರಿಗೆ ಜಾರುವುದು ಮಾಮೂಲಿ. ಮಣ್ಣಲ್ಲಿ ಲಾಕ್ ಆದ ಚಕ್ರ ನೆಲವನ್ನು ಅಗೆಯುತ್ತಾ ನಿಧಾನವಾಗುತ್ತೆ, ಕಾಲು ತೆಗೆದರೆ ಮೆಲ್ಲಗೆ ನೇರವಾಗುತ್ತೆ. ಡಾಂಬರು ಹಾಗಲ್ಲ. ಗಾಡಿ ಅಡ್ಡಕ್ಕೆ ಜಾರುತ್ತಿರುವಾಗ ಪೆಡಲ್‌ನಿಂದ ಕಾಲು ತೆಗೆದರೆ ಟೈರ್ ತಟ್ಟನೆ ಹಿಡಿತ ಪಡೆದು, ಕೂತವನನ್ನು ಇನ್ನೊಂದು ಬದಿಗೆ ಎತ್ತಿ ಎಸೆಯುತ್ತೆ. ಹೈಸೈಡ್ ಅನ್ನೋದು ಇದಕ್ಕೇ. ಪಕ್ಕಕ್ಕೆ ಜಾರಿ ಬೀಳುವುದಕ್ಕಿಂತ ಇದು ಎಷ್ಟೋ ಕೆಟ್ಟದ್ದು.

ಆದ್ದರಿಂದ ಇಂಥವರು ಸಿಸಿ ನೋಡುವ ಮೊದಲು ಬ್ರೇಕ್ ನೋಡಬೇಕು. 125 ಸಿಸಿ ಮೇಲಿನ ಬೈಕ್‌ಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು, ನಿಜ. ಆದರೆ ಎಷ್ಟೋ ಬೈಕ್‌ಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಸಿಂಗಲ್ ಚಾನೆಲ್ ಅಂದರೆ ಅದೇ. ಬ್ರೇಕಿಗೆ ಅಂತ ಕಾಲೇ ಮೊದಲು ಓಡುವ ನಿಮಗೆ ಬೇಕಾದ ಕಡೆಯೇ ಅದು ಇರುವುದಿಲ್ಲ! ಶೋರೂಮಲ್ಲಿ "ಎಬಿಎಸ್ ಇದೆ ಸರ್" ಅಂದರೆ ಸಾಲದು. ಕೂತು ಹಿಂದಿನ ಡಿಸ್ಕ್ ಹತ್ತಿರ ನೋಡಿ. ಒಳಗಡೆ ಸಣ್ಣ ಸಣ್ಣ ತೂತಿನ ಉಂಗುರ, ಅದಕ್ಕೆ ತಾಗುವಷ್ಟು ಹತ್ತಿರ ಒಂದು ಸೆನ್ಸರ್, ಅದರಿಂದ ಹೊರಟ ವೈರ್ ಇರಬೇಕು. ಇಲ್ಲದಿದ್ದರೆ ಹಿಂದಕ್ಕೆ ಎಬಿಎಸ್ ಇಲ್ಲ. ಇದ್ದರೂ, ಆ ವೇರಿಯಂಟ್ ಡ್ಯುಯಲ್ ಚಾನೆಲ್, ಅಂದರೆ ಎರಡೂ ಚಕ್ರಕ್ಕೆ ಎಬಿಎಸ್ ಇರುವಂಥದ್ದು, ಹೌದಾ ಅಂತ ಕಾಗದದಲ್ಲಿ ನೋಡಿಕೊಳ್ಳಿ.

ಇನ್ನು ತೂಕ. ಮಣ್ಣಿನ ರೇಸಿನ 250 ಸಿಸಿ ಮೋಟೋಕ್ರಾಸ್ ಬೈಕ್ 110 ಕೆ.ಜಿ. ಆಸುಪಾಸು, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195. ಮಣ್ಣಲ್ಲಿ ಮೈ ಒಂಚೂರು ಆಡಿಸಿದರೆ ಗಾಡಿ ಹೇಳಿದ ಮಾತು ಕೇಳುತ್ತಿತ್ತು. ಆ ನೆನಪಲ್ಲಿ ಒಂದೇ ಸಲ ಭಾರದ ಗಾಡಿಗೆ ಹಾರಬೇಡಿ. 140ರಿಂದ 160 ಕೆ.ಜಿ. ಒಳಗೆ, ಎರಡೂ ಕಡೆ 17 ಇಂಚಿನ ಚಕ್ರ ಇರುವ ಗಾಡಿ ಸಾಕು. ಡ್ಯುಯಲ್ ಚಾನೆಲ್ ಇರುವ ಪಲ್ಸರ್ ಎನ್160, ಯಮಹಾ ಎಂಟಿ-15 ಈ ಲೆಕ್ಕಕ್ಕೆ ಬರುತ್ತವೆ.

ಮಣ್ಣಿಗೂ ರಸ್ತೆಗೂ ಆಗುವ ಹೀರೋ ಎಕ್ಸ್‌ಪಲ್ಸ್ ನೋಡಿದರೆ ಮನಸ್ಸು ಅತ್ತ ಎಳೆಯುತ್ತೆ, ಗೊತ್ತು. ಒಳ್ಳೆ ಗಾಡಿಯೇ. ಆದರೆ 21 ಇಂಚಿನ ಮುಂಚಕ್ರ, ಉದ್ದ ಸಸ್ಪೆನ್ಷನ್, ಎತ್ತರದ ಸೀಟು ಹಳೇ ಅಭ್ಯಾಸವನ್ನೇ ಗಟ್ಟಿ ಮಾಡುತ್ತವೆ. ವಾರಕ್ಕೊಮ್ಮೆ ತೋಟಕ್ಕೆ ಇಳಿಯಲೇಬೇಕು, ಇರುವುದು ಒಂದೇ ಬೈಕ್ ಅನ್ನೋರು ಮಾತ್ರ ಅದನ್ನು ತಗೊಳ್ಳಿ. ಅದರ ಮೇಲೆ ದಪ್ಪ ಗುಬುಟುಗಳಿರುವ ಬಟನ್ ಟೈರ್ ಬೇರೆ ಹಾಕಿಸಬೇಡಿ, ಒದ್ದೆ ಡಾಂಬರಲ್ಲಿ ಅವುಗಳ ಹಿಡಿತ ತೀರಾ ಕಮ್ಮಿ. ಮುಂದೆ ಚುಂಚು ಇರುವ ಹೆಲ್ಮೆಟ್ಟನ್ನೂ ಹೈವೇಗೆ ತರಬೇಡಿ, ಗಾಳಿಗೆ ತಲೆ ಹಿಂದಕ್ಕೆ ಎಳೆಯುತ್ತೆ.

ಆ ಹುಡುಗ ಕೊನೆಗೆ ಡ್ಯುಯಲ್ ಚಾನೆಲ್ ಇರುವ 160 ಸಿಸಿ ಗಾಡಿ ತಗೊಂಡ. ಎರಡು ವಾರ ದಿನಾ ಬೆಳಿಗ್ಗೆ ಅರ್ಧ ಗಂಟೆ ಒಂದೇ ಪಾಠ ಮಾಡಿಸಿದೆ. ಮುಂದಿನ ಲಿವರನ್ನು ಎರಡು ಬೆರಳಲ್ಲಿ, ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ ಹೋಗೋದು, ಕಾಲನ್ನು ಪೆಡಲ್ ಮೇಲೆ ಸುಮ್ನೆ ಇಡೋದು. ಮೂರನೇ ದಿನ ಅವನು ಮರೆತು ಮತ್ತೆ ಕಾಲು ಒತ್ತಿದ. ಪೆಡಲ್ ಪಟಪಟ ಅಂತ ಪಾದಕ್ಕೆ ಬಡಿಯಿತು, ಗಾಡಿ ನೇರವಾಗೇ ನಿಂತಿತು. ಇಳಿದು ಹಿಂದಕ್ಕೆ ನಡೆದುಹೋಗಿ ಕಪ್ಪು ಗೆರೆ ಹುಡುಕಿದ. ಇರಲಿಲ್ಲ.