ಒಂದೇ ಸಿನಿಮಾ, ಒಂದೊಂದು ಮಗುವಿಗೆ ಒಂದೊಂದು ಅಂಜಿಕೆ

ಪೋಸ್ಟರಿನ ಮೂಲೆಯಲ್ಲಿ 13+ ಎಂದಿರುವ ಸಿನಿಮಾಕ್ಕೆ ಆರು ವರ್ಷದ ಮಗುವನ್ನು ಕರೆದೊಯ್ಯಬಹುದೇ? ಬಳ್ಳಾರಿ, ಗಂಗಾವತಿ, ಸಿಂಧನೂರಿನ ಟಾಕೀಸುಗಳ ಗೇಟಿನಲ್ಲಿ ಇದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಕಾನೂನಿನ ಪ್ರಕಾರ ತೀರ್ಮಾನ ತಂದೆ-ತಾಯಿಯದು. ತೊಡಕಿರುವುದು ಅದರಾಚೆ: ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಸಿಳ್ಳೆ ಹೊಡೆದು ಬರುತ್ತಾನೆ, ಇನ್ನೊಬ್ಬಳು ವಾರಗಟ್ಟಲೆ ಕತ್ತಲಾದ ಮೇಲೆ ಒಬ್ಬಳೇ ಬಚ್ಚಲಿಗೂ ಹೋಗುವುದಿಲ್ಲ.

1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಕಾಲದಲ್ಲಿ ಎಲ್ಲರೂ ನೋಡಬಹುದಾದ ‘ಯು’ ಮತ್ತು ದೊಡ್ಡವರಿಗೆ ಮಾತ್ರವಾದ ‘ಎ’ ಎಂಬ ಎರಡು ಗುರುತುಗಳಿದ್ದವು. 1983ರಲ್ಲಿ ನಡುವೆ ‘ಯು/ಎ’ ಬಂತು, 2023ರ ತಿದ್ದುಪಡಿ ಅದನ್ನೇ 7+, 13+, 16+ ಎಂದು ಒಡೆಯಿತು. ಎಪ್ಪತ್ತು ವರ್ಷ ಅಳೆದದ್ದೆಲ್ಲ ವಯಸ್ಸನ್ನೇ.

ನಮ್ಮ ಸೀಮೆಯ ಮಕ್ಕಳು ರಕ್ತ ನೋಡಿದ್ದು ಸಿನಿಮಾದಲ್ಲೇ ಮೊದಲಲ್ಲ. ದೊಡ್ಡಾಟದಲ್ಲಿ, ಕೊಪ್ಪಳದ ಮೋರನಾಳದ ಭೀಮವ್ವನಂಥವರು ಉಳಿಸಿಕೊಂಡು ಬಂದ ತೊಗಲುಗೊಂಬೆಯಾಟದಲ್ಲಿ ರಾಮಾಯಣ, ಮಹಾಭಾರತದ ಯುದ್ಧಗಳೆಲ್ಲ ಇದ್ದವು. ಆದರೆ ಕಥೆ ಮೊದಲೇ ಗೊತ್ತಿತ್ತು, ಅಜ್ಜಿಯ ತೊಡೆ ಪಕ್ಕದಲ್ಲೇ ಇತ್ತು, ನಿದ್ದೆ ಬಂದರೆ ಮಲಗಬಹುದಿತ್ತು. ಟೆಂಟ್ ಸಿನಿಮಾದ ನೆಲದ ಮೇಲೂ ಈ ಸಲಿಗೆ ಸ್ವಲ್ಪ ಉಳಿದಿತ್ತು.

1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ, ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರಿಗೆ ತೆಲುಗು ಹೊರಗಿನ ಭಾಷೆಯಲ್ಲ. ಹಾಗಾಗಿ 1999ರಿಂದೀಚೆಗೆ ತೆಲುಗಿನಲ್ಲಿ ಸಾಲುಗಟ್ಟಿ ಬಂದ, ಊರ ಗುಂಪುಗಳ ಹಗೆತನದ ‘ಫ್ಯಾಕ್ಷನ್’ ಸಿನಿಮಾಗಳು ಇಲ್ಲಿ ಮನೆಯವೇ ಆದವು. ಮಚ್ಚು, ನಾಟಿ ಬಾಂಬು, ಧೂಳೆಬ್ಬಿಸುವ ಸುಮೋಗಳು. ಅದರಲ್ಲಿ ಕಾಣುವ ಬಂಡೆಗುಡ್ಡ, ಕರಿನೆಲ ನಮ್ಮೂರಿನ ಹಾಗೆಯೇ ಇದ್ದವು. ದೊಡ್ಡವರಿಗೆ ಅದೇ ರುಚಿಸಿತು. ಹತ್ತು ವರ್ಷದ ಹುಡುಗನಿಗೆ ಮಾತ್ರ ಆ ಕೊಲೆ ತನ್ನೂರಿನ ರಸ್ತೆಯಲ್ಲೇ ನಡೆದಂತಾಯಿತು. ಆಮೇಲೆ ಕೇಬಲ್ ಟಿವಿ ಅವುಗಳನ್ನು ಊಟದ ಹೊತ್ತಿಗೆ ಪಡಸಾಲೆಗೇ ತಂದಿತು.

ಇದಕ್ಕೆ ಮನಶ್ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ಸಂಶೋಧಕಿ ಜೋನ್ ಕ್ಯಾಂಟರ್ 1980ರ ದಶಕದಲ್ಲಿ ಕಂಡುಕೊಂಡಂತೆ, ತೀರಾ ಚಿಕ್ಕವರು ಅಂಜುವುದು ರೂಪಕ್ಕೆ. ಒಳ್ಳೆಯ ಮನುಷ್ಯನೇ ಹಸಿರು ದೈತ್ಯನಾಗಿ ಜನರಿಗೆ ನೆರವಾದರೂ ಅವರಿಗೆ ಅವನು ಭಯಂಕರನೇ. ಎಂಟು-ಹತ್ತು ದಾಟಿದವರು ನಿಜವಾಗಿ ನಡೆಯಬಹುದಾದದ್ದಕ್ಕೆ ಹೆಚ್ಚು ಅಂಜುತ್ತಾರೆ. ನಾಲ್ಕು ವರ್ಷದ ಮಗುವಿಗೆ “ಅದು ಬಣ್ಣ, ಖರೇ ರಕ್ತ ಅಲ್ಲ” ಅಂದರೆ ಅಷ್ಟಾಗಿ ಉಪಯೋಗವಿಲ್ಲ. ಎತ್ತಿಕೊಂಡು ಹೊರಗೆ ಬರುವುದೇ ಹೆಚ್ಚು ಕೆಲಸ ಮಾಡುತ್ತದೆ.

ವಯಸ್ಸಿನ ಜೊತೆಗೆ ಹುಟ್ಟುಗುಣವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳ ಮುಂದೆ ಹೊಸ ಆಟಿಕೆ, ಹೊಸ ದನಿ ಇಟ್ಟಾಗ ಸುಮಾರು ಐದರಲ್ಲಿ ಒಂದು ಕೈಕಾಲು ಬಡಿದು ಅತ್ತಿತು. ಅಂಥವರಲ್ಲಿ ಹಲವರು ಮುಂದೆಯೂ ಹೊಸದಕ್ಕೆ ಹಿಂಜರಿಯುವ ಮಕ್ಕಳಾದರು. ಇದು ಯಾರೂ ಕಲಿಸಿದ ಹೇಡಿತನವಲ್ಲ.

ನಮ್ಮ ಮನೆಗಳಿಗೆ ಇದು ಬೇರೆ ಹೆಸರಿನಲ್ಲಿ ತಿಳಿದಿತ್ತು. “ಕೂಸು ಬೆಚ್ಚಿಬಿದ್ದೈತಿ, ದರ್ಗಾಕ್ಕ ಒಯ್ದು ಊದಿಸ್ಕೊಂಡು ಬರ್ರಿ” ಅನ್ನುತ್ತಿದ್ದ ಅಜ್ಜಿ ಅಂಜಿಕೆಯನ್ನು ಸುಳ್ಳು ಅನ್ನಲಿಲ್ಲ. ಅಂತ್ರ ಕಟ್ಟಿಸಿ ಪಕ್ಕದಲ್ಲಿ ಮಲಗಿಸಿಕೊಂಡಳು. ಈಗ ಅದೇ ಮಗುವಿಗೆ, ಅದರಲ್ಲೂ ಗಂಡುಮಗುವಿಗೆ, “ಗಂಡಸಾಗಿ ಅಂಜ್ತಿಯೇನಲೇ” ಅನ್ನುವ ಮಾತು ಕೇಳಿದಾಗ ಸಂಕಟವಾಗುತ್ತದೆ. ಹಾಗೆ ಬೈಸಿಕೊಂಡವನು ಅಂಜುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ.

ಸದ್ಯ ‘ಎ’ ಸಿನಿಮಾಕ್ಕೆ ಹದಿನೆಂಟು ತುಂಬದವರನ್ನು ಟಾಕೀಸಿನವರು ಬಿಡುವಂತಿಲ್ಲ. ‘ಯು/ಎ’ಯ ಮೂರೂ ಗುರುತುಗಳು ಪಾಲಕರಿಗೆ ಸಲಹೆ ಮಾತ್ರ. ಓಟಿಟಿಗಳು ವಯಸ್ಸಿನ ಜೊತೆ ಹಿಂಸೆ, ಬೈಗುಳ ಇತ್ಯಾದಿ ಏನಿದೆ ಎಂದೂ ತೋರಿಸಬೇಕೆಂದು 2021ರ ನಿಯಮ ಹೇಳುತ್ತದೆ. ನಡುವೆ ಎದ್ದು ಬಂದರೆ ಟಿಕೆಟ್ ದುಡ್ಡು ಹೋಗುತ್ತದೆ ನಿಜ, ಆದರೆ ಕಣ್ಣು ಮುಚ್ಚಿಕೊಂಡು ಕೂತ ಮಗುವಿಗೆ ಇಂಟರ್ವಲ್‌ವರೆಗೆ ಕಾಯುವುದೂ ಬಹಳ ದೀರ್ಘ.