ಎಂಜಿನ್ ನಂಬರ್ ಹುಡುಕುವುದು, ಓದುವುದು

ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಎರಡು ಉದ್ದನೆಯ ನಂಬರ್‌ಗಳಿರುತ್ತವೆ. ಒಂದು ಚಾಸಿ (ಗಾಡಿಯ ಚೌಕಟ್ಟು) ನಂಬರ್, ಇನ್ನೊಂದು ಎಂಜಿನ್ ನಂಬರ್. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಗಳಿಗೂ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಕಡ್ಡಾಯವಾದಾಗ ಕರ್ನಾಟಕದಲ್ಲಿ ಎಷ್ಟೋ ಜನ ಇವುಗಳನ್ನು ಹುಡುಕಿದರು. ಬುಕ್ ಮಾಡುವಾಗ ಎರಡನ್ನೂ ಕೇಳುತ್ತಿದ್ದರು, ಅಲ್ವಾ?

ನಂಬರ್ ಮಾತ್ರ ಬೇಕಿದ್ದರೆ ಆರ್‌ಸಿ ಅಥವಾ ಇನ್ಶೂರೆನ್ಸ್ ಕಾಗದ ಸಾಕು. ಆದರೆ ಹಳೆ ಗಾಡಿ ಕೊಳ್ಳುವವರು ಎಂಜಿನ್ ಮೇಲೇ ನೋಡಬೇಕು. ಕಾಗದದಲ್ಲಿರುವುದೂ ಕಬ್ಬಿಣದಲ್ಲಿರುವುದೂ ಒಂದೇನಾ ಎಂದು ತಿಳಿಯುವುದು ಆಗಲೇ.

ಆಕ್ಟಿವಾದಂಥ ಸ್ಕೂಟರಿನಲ್ಲಿ ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲೇ ಇರುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಡಗಡೆ ಬಗ್ಗಿ, ಕ್ರ್ಯಾಂಕ್‌ಕೇಸಿನ (ಎಂಜಿನ್‌ನ ಕೆಳಗಿನ ಲೋಹದ ಕವಚ) ಕೆಳಭಾಗ ನೋಡಿ. ಬೈಕುಗಳಲ್ಲೂ ಸಾಮಾನ್ಯವಾಗಿ ಕ್ರ್ಯಾಂಕ್‌ಕೇಸಿನ ಮೇಲೆಯೇ ಇರುತ್ತದೆ. ಚಾಸಿ ನಂಬರ್ ಬೇರೆ ಕಡೆ, ಹೆಚ್ಚಿನ ಬೈಕುಗಳಲ್ಲಿ ಹ್ಯಾಂಡಲ್ ಕೆಳಗಿನ ಪೈಪಿನ ಮೇಲೆ. ಕಾರಿನಲ್ಲಿ ಎಂಜಿನ್ ನಂಬರ್ ಇರುವುದು ಎಂಜಿನ್ ಬ್ಲಾಕಿನ (ಎಂಜಿನ್‌ನ ಮುಖ್ಯ ಲೋಹದ ಭಾಗ) ಮೇಲೆ. ಜಾಗ ಮಾಡೆಲ್‌ಗೊಂದು ಥರ, ಗಾಡಿ ಜೊತೆ ಬರುವ ಮ್ಯಾನುಯಲ್ ನೋಡಿ.

ನಾನು ಮೊದಲು ತಪ್ಪಿದ್ದು ಇಲ್ಲೇ. ಎಂಜಿನ್ ಮೇಲೆ ಉಬ್ಬಿಕೊಂಡಿದ್ದ ಅಕ್ಷರಗಳನ್ನು ಬರೆದುಕೊಂಡು ಬಂದೆ, ಆರ್‌ಸಿಗೆ ತಾಳೆಯಾಗಲಿಲ್ಲ. ಉಬ್ಬಿದ್ದು ಎರಕ ಹೊಯ್ಯುವಾಗ ಅಚ್ಚಿನಿಂದ ಬಂದ ಗುರುತು. ಅದೇ ಅಚ್ಚಿನ ಎಲ್ಲ ಎಂಜಿನ್‌ಗಳ ಮೇಲೂ ಅದೇ ಇರುತ್ತದೆ. ಎಂಜಿನ್ ನಂಬರ್ ಒಳಗೆ ಇಳಿದಿರುತ್ತದೆ. ಸಮತಟ್ಟಾದ ಒಂದು ಜಾಗ ಮಾಡಿ, ಅಲ್ಲಿ ಪಂಚ್ ಮಾಡಿರುತ್ತಾರೆ. ಹೊಸ ಗಾಡಿಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿರುವುದೂ ಉಂಟು. ಗ್ರೀಸು, ಮಣ್ಣು ಮೆತ್ತಿದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ (ಎಂಜಿನ್ ಪೂರ್ತಿ ತಣ್ಣಗಾಗಿರಬೇಕು), ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿ. ಇಳಿದ ಗೆರೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ತೆಳು ಕಾಗದ ಇಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿದರೆ ಪ್ರತಿ ಸಿಗುತ್ತದೆ. ಆರ್‌ಟಿಓ ಅರ್ಜಿಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಅಂಟಿಸುವುದೂ ಹೀಗೇ ತೆಗೆದು.

ಈಗ ಓದುವುದು. ಚಾಸಿ ನಂಬರಿಗೆ ಅಂತರರಾಷ್ಟ್ರೀಯ ನಿಯಮವಿದೆ: 17 ಅಕ್ಷರ-ಅಂಕಿ, ಅದರಲ್ಲಿ ಐ, ಓ, ಕ್ಯೂ ಬರುವುದಿಲ್ಲ. ಹಾಗಾಗಿ ದುಂಡಗೆ ಕಂಡರೆ ಅದು ಸೊನ್ನೆಯೇ. ಎಂಜಿನ್ ನಂಬರಿಗೆ ಅಂಥ ನಿಯಮವಿಲ್ಲ, ಪ್ರತಿ ಕಂಪನಿಗೂ ತನ್ನದೇ ಕ್ರಮ. 8 ಮತ್ತು ಬಿ, 5 ಮತ್ತು ಎಸ್, ಸೊನ್ನೆ ಮತ್ತು ಓ ಇವನ್ನು ಆರ್‌ಸಿ ಪಕ್ಕದಲ್ಲಿಟ್ಟುಕೊಂಡೇ ಓದಿ. ಸಾಮಾನ್ಯವಾಗಿ ಮೊದಲು ಎಂಜಿನ್ ಮಾಡೆಲ್‌ನ ಕೋಡ್, ಕೊನೆಗೆ ಸರಣಿ ಅಂಕಿ. ಮಾರುತಿಯ ಹಲವು ಕಾರುಗಳಲ್ಲಿ ಕೆ10ಬಿ, ಕೆ12ಎಂ ಎಂದು ಶುರುವಾಗುತ್ತದೆ. 10 ಅಂದರೆ ಸುಮಾರು 1.0 ಲೀಟರ್, 12 ಅಂದರೆ 1.2. ನನಗೆ ತುಂಬ ಇಷ್ಟವಾದದ್ದು ಆಕ್ಟಿವಾದ್ದು. ಕೆಲವು ವರ್ಷಗಳ ಮಾಡೆಲ್‌ನಲ್ಲಿ ಚಾಸಿ ನಂಬರಿನ ಶುರುವಿನ ಎಂಇ4 (ಕಂಪನಿಯ ಗುರುತು) ಆದಮೇಲೆ ಜೆಎಫ್50 ಬರುತ್ತದೆ, ಎಂಜಿನ್ ನಂಬರೂ ಜೆಎಫ್50 ಎಂದೇ ಶುರು. ಎರಡೂ ಒಂದೇ ಮನೆಯವು ಎಂದು ಒಂದು ನೋಟಕ್ಕೆ ಗೊತ್ತಾಗುತ್ತದೆ.

ಅಕ್ಷರಗಳ ಸಾಲು ಓರೆಯಾಗಿದ್ದರೆ, ಒಂದೊಂದರ ಆಳ ಬೇರೆ ಇದ್ದರೆ, ಸುತ್ತ ಗ್ರೈಂಡರ್ ಗೀರು ಇದ್ದರೆ, ಅಡ್ವಾನ್ಸ್ ಕೊಡಬೇಡಿ. ಎಂಜಿನ್ ಬದಲಿಸಿದ್ದೇ ಆದರೆ ಅದು ತಪ್ಪಲ್ಲ, ಆದರೆ ಹೊಸ ನಂಬರ್ ಆರ್‌ಸಿಯಲ್ಲಿ ಸೇರಿರಬೇಕು. ಎಲೆಕ್ಟ್ರಿಕ್ ಗಾಡಿಯಲ್ಲಿ ಎಂಜಿನ್ ಇಲ್ಲ, ಅಲ್ಲಿ ಮೋಟಾರ್ ನಂಬರ್ ನೋಡಿ.