ಗೌಡರು ಕೇಳಿದ ಸ್ಟೀಮ್

ಗೌಡರು ಸಕಲೇಶಪುರ ಕಡೆಯ ಕಾಫಿ ಬೆಳೆಗಾರರು, ವಯಸ್ಸು 66. ಬೆಂಗಳೂರಿನ ಮಗಳ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. "ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್... ಎಲ್ಲೆಲ್ಲಿ ಟಾಯ್ಲೆಟ್ ಇದೆ ಅಂತ ಕಂಡಕ್ಟರ್‌ಗಿಂತ ನಂಗೇ ಚೆನ್ನಾಗಿ ಗೊತ್ತು ಡಾಕ್ಟ್ರೇ" ಅಂದರು. ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಹೋಗಿ ನಿಂತರೆ ಬೇಗ ಬರುವುದಿಲ್ಲ, ಬಂದರೂ ತೊಟ್ಟು ತೊಟ್ಟು. ಇಷ್ಟು ಹೇಳಿ ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿದರು. "ಆಪರೇಷನ್ ಬೇಡ. ಈ ಸ್ಟೀಮ್ ಹಾಕಿಬಿಡಿ, ಸಾಕು."

ಹಾಸನದ ನನ್ನ ಕ್ಲಿನಿಕ್ಕಿಗೆ ಈಗ ಇಂಥ ವಿಡಿಯೊ ಹಿಡಿದು ಬರುವವರು ಜಾಸ್ತಿ. ತಪ್ಪೇನಿಲ್ಲ. ಆದರೆ ಯಾವ ವಿಧಾನ ಅನ್ನುವುದನ್ನು ತೀರ್ಮಾನಿಸುವುದು ವಿಡಿಯೊ ಅಲ್ಲ, ನಿಮ್ಮ ಪ್ರಾಸ್ಟೇಟ್ ಗ್ರಂಥಿಯ ಗಾತ್ರ ಮತ್ತು ಆಕಾರ.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ. ಹರೆಯದಲ್ಲಿ ಸುಮಾರು 20 ಗ್ರಾಂ. ವಯಸ್ಸಾದಂತೆ ಊದಿ ನಾಳವನ್ನು ಹಿಚುಕುತ್ತದೆ, ಡ್ರಿಪ್ ಪೈಪನ್ನು ಕಾಲಲ್ಲಿ ತುಳಿದ ಹಾಗೆ. 60 ದಾಟಿದ ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೂ ಕ್ಯಾನ್ಸರ್ ಸುಳಿವು ಕೊಡಬಲ್ಲ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುತ್ತೇವೆ, ಏಕೆಂದರೆ ಎರಡೂ ಒಟ್ಟಿಗೇ ಇರಬಹುದು.

ಹೆಚ್ಚಿನವರಿಗೆ ಮೊದಲು ಮಾತ್ರೆ. ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ನಾಳ ಸಡಿಲಿಸುತ್ತದೆ. ಡ್ಯೂಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಅದಕ್ಕೆ ಆರು ತಿಂಗಳಾದರೂ ಬೇಕು. ಮಾತ್ರೆ ಸಾಲದಿದ್ದಾಗ ಮುಂದಿನ ಮಾತು.

ಗೌಡರು ಕೇಳಿದ ಸ್ಟೀಮ್‌ನ ಹೆಸರು ರೆಝೂಮ್. ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ಮೂತ್ರನಾಳದ ಮೂಲಕ ಸಣ್ಣ ಉಪಕರಣ ತೂರಿಸಿ, ಊದಿದ ಭಾಗಕ್ಕೆ ಸೂಜಿ ಚುಚ್ಚಿ, ಸುಮಾರು 103 ಡಿಗ್ರಿ ಸೆಲ್ಸಿಯಸ್ ಬಿಸಿಯ ಆವಿ ಬಿಡುತ್ತಾರೆ. ಒಂದೊಂದು ಸಲಕ್ಕೆ 9 ಸೆಕೆಂಡ್. ಅಲ್ಲಿನ ಜೀವಕೋಶ ಸಾಯುತ್ತದೆ, ದೇಹ ಅದನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಎಲ್ಲ ಸೇರಿ ಕೆಲವೇ ನಿಮಿಷದ ಕೆಲಸ. ಅದೇ ದಿನ ಮನೆಗೆ.

ವಿಡಿಯೊದಲ್ಲಿ ಹೇಳದೆ ಬಿಟ್ಟದ್ದು ಆಮೇಲಿನ ಕಥೆ. ಆವಿ ಬಿದ್ದ ಜಾಗ ಮೊದಲು ಊದುತ್ತದೆ. ಅದಕ್ಕೇ ಕೆಲವು ದಿನ ಮೂತ್ರ ಹೊರಬಿಡುವ ಕ್ಯಾಥೆಟರ್, ನಮ್ಮ ಜನ ಹೇಳುವ 'ಪೈಪು', ಇರುತ್ತದೆ. ತೆಗೆದ ಮೇಲೂ ಉರಿ, ಅವಸರ. ಪೂರ್ತಿ ಗುಣ ಕಾಣಲು ಮೂರು ತಿಂಗಳು ಹಿಡಿಯಬಹುದು. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ವಾರಕ್ಕೇ ಬೈಸಿಕೊಳ್ಳುವುದು ನಾವೇ.

ಯೂರೋಲಿಫ್ಟ್ ಬೇರೆ ಬಗೆ. ಇಲ್ಲಿ ಸುಡುವುದೂ ಇಲ್ಲ, ಕೊಯ್ಯುವುದೂ ಇಲ್ಲ. ಬಾಗಿಲ ಪರದೆಯನ್ನು ಎರಡೂ ಕಡೆ ಸರಿಸಿ ಕಟ್ಟಿದ ಹಾಗೆ, ಪುಟ್ಟ ಕ್ಲಿಪ್ಪುಗಳಿಂದ ಗ್ರಂಥಿಯನ್ನು ಪಕ್ಕಕ್ಕೆ ಎಳೆದು ಕಟ್ಟುತ್ತಾರೆ. ಬೇಗ ಆರಾಮ. ಆದರೆ ಐದು ವರ್ಷ ಗಮನಿಸಿದ ಅಧ್ಯಯನದಲ್ಲಿ ನೂರಕ್ಕೆ ಹದಿಮೂರು ಹದಿನಾಲ್ಕು ಜನರಿಗೆ ಮತ್ತೆ ಚಿಕಿತ್ಸೆ ಬೇಕಾಯಿತು. ರೆಝೂಮ್‌ನಲ್ಲಿ ಅದು ಸುಮಾರು ನಾಲ್ಕು. ಎರಡಕ್ಕೂ ಒಮ್ಮೆ ಬಳಸಿ ಎಸೆಯುವ ಉಪಕರಣ ಬೇಕು, ಹಾಗಾಗಿ ದುಬಾರಿ. ವಿಮೆ ಕೊಡುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಅರಿವಳಿಕೆ ತಡೆಯದ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದ ಕೆಲವರಿಗೆ ಮೂರನೆಯ ದಾರಿಯೂ ಇದೆ: ಮಣಿಕಟ್ಟಿನ ಅಥವಾ ತೊಡೆಸಂದಿಯ ರಕ್ತನಾಳದಿಂದ ತೂರಿ, ಗ್ರಂಥಿಗೆ ಹೋಗುವ ರಕ್ತವನ್ನೇ ಸಣ್ಣ ಕಣಗಳಿಂದ ತಡೆಯುವುದು.

ಗೌಡರ ಸ್ಕ್ಯಾನಿಂಗ್ ಬಂತು. ಗ್ರಂಥಿ 110 ಗ್ರಾಂ. ರೆಝೂಮ್ ಹೊಂದುವುದು ಸಾಮಾನ್ಯವಾಗಿ 30ರಿಂದ 80ರವರೆಗೆ. ಮೂತ್ರದ ವೇಗ ಸೆಕೆಂಡಿಗೆ 6 ಮಿಲಿಲೀಟರ್. 15ರ ಮೇಲಿದ್ದರೆ ಚೆನ್ನ. ಹೋಗಿ ಬಂದ ಮೇಲೂ ಒಳಗೆ 200 ಮಿಲಿಲೀಟರ್ ಉಳಿದಿತ್ತು. ನಾನು ಸೂಚಿಸಿದ್ದು ಹೋಲೆಪ್, ಅಂದರೆ ಲೇಸರ್‌ನಿಂದ ಒಳಗಿನ ಭಾಗವನ್ನು ಕಿತ್ತಳೆ ತೊಳೆಯಂತೆ ಸಿಪ್ಪೆಯಿಂದ ಬಿಡಿಸಿ ತೆಗೆಯುವುದು. ಹೊಟ್ಟೆ ಕೊಯ್ಯುವುದಿಲ್ಲ, ಆದರೆ ಅರಿವಳಿಕೆ ಬೇಕು.

ಗೌಡರು ಹೆಂಡತಿಯನ್ನು ಹೊರಗೆ ಕೂರಿಸಿ ಬಂದು ದನಿ ಇಳಿಸಿದರು. "ಆಮೇಲೆ... ಆ ವಿಷಯ?" ಕೇಳಿದ್ದು ಒಳ್ಳೆಯದೇ ಆಯಿತು. ಹೋಲೆಪ್ ಆದಮೇಲೆ ಹೆಚ್ಚಿನವರಿಗೆ ವೀರ್ಯ ಹೊರಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ನಿಮಿರುವಿಕೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಯೂರೋಲಿಫ್ಟ್, ರೆಝೂಮ್‌ಗಳಲ್ಲಿ ಹೀಗಾಗುವುದು ಅಪರೂಪ. ಇದೇ ಅವುಗಳ ದೊಡ್ಡ ಲಾಭ, ಅದರಲ್ಲೂ ಐವತ್ತರ ಆಸುಪಾಸಿನವರಿಗೆ.

ನನಗೆ ಬೇಸರವಾಗುವುದು ತಡಮಾಡುವುದಕ್ಕೆ. ವರ್ಷಗಟ್ಟಲೆ ಮುಕ್ಕಿ ಮುಕ್ಕಿ ಮೂತ್ರಕೋಶವೇ ಸೋತರೆ, ದಾರಿ ತೆರೆದರೂ ತಳ್ಳಲು ಬಲ ಇರುವುದಿಲ್ಲ. ಇನ್ನೊಂದು, ಮಳೆಗಾಲದ ಶೀತಕ್ಕೆ ಅಂಗಡಿಯಿಂದ ಸುಮ್ನೆ ತಂದು ನುಂಗುವ ಮಾತ್ರೆ. ಮೂಗು ಬಿಡಿಸುವ ಔಷಧಿಯೇ ಮೂತ್ರ ಕಟ್ಟಿಸುತ್ತದೆ. ಜುಲೈನಲ್ಲಿ ಹೊಟ್ಟೆ ಹಿಡಿದುಕೊಂಡು ರಾತ್ರೋರಾತ್ರಿ ಬರುವವರಲ್ಲಿ ಕೆಲವರ ಜೇಬಿನಲ್ಲಿ ಆ ಮಾತ್ರೆಯ ಪಟ್ಟಿಯೇ ಇರುತ್ತದೆ.

ಡಾಕ್ಟರ ಹತ್ತಿರ ಹೋಗುವ ಮೊದಲು ಮೂರು ದಿನ ಎಷ್ಟು ಹೊತ್ತಿಗೆ, ಎಷ್ಟು ಹೋಯಿತು ಅಂತ ಅಳೆದು ಬರೆದಿಡಿ. ಗೌಡರು ಕಾಫಿ ಕ್ಯೂರಿಂಗ್ ವರ್ಕ್ಸ್ ಬಿಲ್ಲಿನ ಹಿಂದೆ ಬರೆದು ತಂದಿದ್ದರು. ರಾತ್ರಿ 11, 12.30, 2, 3.15, 5. ಪಕ್ಕದಲ್ಲಿ ಒಂದು ಸಾಲು: "ಕಾಫಿ ಕುಡಿದಿಲ್ಲ, ಆಣೆ."